ನಿಷ್ಠೆಯ ಪಾಠದ ಇನ್ನರ್ಧ

ನಿಷ್ಠೆ ಎಂಬ ಮೌಲ್ಯವನ್ನು ಬೋಧಿಸುವಾಗ ಜಪಾನಿನ ಸಮುರಾಯಿಗಳ ಉದಾಹರಣೆ ಕೊಡುವುದುಂಟು: ಒಡೆಯನಿಗಾಗಿ ಪ್ರಾಣ ಕೊಡುವವರು ಎಂದು. ಇದು ಅರ್ಧ ಪಾಠ ಮಾತ್ರ ಎಂಬುದು ನನ್ನ ಅಭಿಪ್ರಾಯ.

17ನೇ ಶತಮಾನದಲ್ಲಿ ಯಾಮಾಗ ಸೊಕೊ ಮೊದಲಾದ ಚಿಂತಕರು ಸಮುರಾಯಿಯ ಕರ್ತವ್ಯವನ್ನು ಕನ್ಫ್ಯೂಷಿಯಸನ ವಿಚಾರಗಳ ಆಧಾರದಲ್ಲಿ ವಿವರಿಸಿದರು. ಆದರೆ ಕನ್ಫ್ಯೂಷಿಯಸ್ ಸೇವಕನ ನಿಷ್ಠೆಯ ಜೊತೆಗೇ ಅರಸನ ಸನ್ನಡತೆಯನ್ನೂ ಹೇಳಿದ್ದ. ಸತ್ತ ಒಡೆಯನ ಹಿಂದೆಯೇ ಪ್ರಾಣ ಬಿಡುವ ಪದ್ಧತಿಯನ್ನು 1663ರಲ್ಲಿ ಜಪಾನಿನ ತೊಕುಗಾವ ಆಡಳಿತವೇ ನಿಷೇಧಿಸಿತು.

ಇನ್ನರ್ಧ ಪಾಠಕ್ಕೆ ಮಿಜಾರಿನ ಮಕ್ಕಳು ದೂರ ಹೋಗಬೇಕಿಲ್ಲ. ತುಳುನಾಡಿನ ಗರಡಿಗಳಲ್ಲೇ ಅದಿದೆ. ಪಾಡ್ದನದಲ್ಲಿ ಬರುವಂತೆ, ದೇಯಿ ಬೈದೆತಿ ಪಡುಮಲೆಯ ಬಲ್ಲಾಳನ ಗಾಯ ವಾಸಿಮಾಡಿದಳು; ಬಲ್ಲಾಳ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ. ಆಕೆಯ ಮಕ್ಕಳಾದ ಕೋಟಿ-ಚೆನ್ನಯರು ಪಡುಮಲೆಯನ್ನೇ ತೊರೆದರು. ಮುಂದೆ, ಆಶ್ರಯ ಕೊಟ್ಟ ಎಣ್ಮೂರಿನ ಬಲ್ಲಾಳನ ಪರ ಯುದ್ಧಕ್ಕಿಳಿದು ಪ್ರಾಣ ಬಿಟ್ಟರು. ಮಾತು ತಪ್ಪಿದವನನ್ನು ಬಿಟ್ಟವರೂ ಅವರೇ, ಅನ್ನದ ಋಣ ತೀರಿಸಿದವರೂ ಅವರೇ.

ಎರಡೂ ಕಥೆ ಹೇಳಿ, "ಒಡೆಯನೇ ಮಾತು ತಪ್ಪಿದರೆ ನಿಷ್ಠೆ ಯಾರಿಗೆ?" ಎಂದು ತರಗತಿಯಲ್ಲಿ ಕೇಳೋಣ. ಉತ್ತರ ಮಕ್ಕಳಿಂದಲೇ ಬರಲಿ. ವಿಧೇಯತೆಯನ್ನೇ ನಿಷ್ಠೆಯೆಂದು ಕಲಿತ ಮಗು ನಾಳೆ ಅನ್ಯಾಯದ ಎದುರೂ ಸುಮ್ಮನಿದ್ದೀತು. ಮಕ್ಕಳಿಂದ ಗೌರವ ಬಯಸುವ ಶಿಕ್ಷಕರಾದ ನಮಗೂ ಈ ಪ್ರಶ್ನೆ ಅನ್ವಯಿಸುತ್ತದೆ.