ಕಾವಲುಗಾರನ ಸಂಬಳ

ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಕಾರ್ಣಿಕ ಕೇಳಿ ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿದ್ದವರು ನಿವೃತ್ತ ಉಪಾಧ್ಯಾಯರೊಬ್ಬರು. ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ಅಷ್ಟು ಜನವೂ ಉಸಿರು ಬಿಗಿಹಿಡಿದು ನಿಂತದ್ದು ಅವರ ಮನಸ್ಸಿನಿಂದ ಇನ್ನೂ ಮಾಸಿರಲಿಲ್ಲ. "ಲೋಕಕ್ಕೂ ಹೀಗೆ ಸದ್ದಲೇ ಎನ್ನುವವನೊಬ್ಬ ಬೇಕು, ಸ್ವಾಮಿ. ಬಲವಾದ ರಾಷ್ಟ್ರವೊಂದು ಬೆತ್ತ ಹಿಡಿದು ನಿಲ್ಲದಿದ್ದರೆ ಪುಂಡರಿಗೆ ಭಯವೆಲ್ಲಿ? ನಮ್ಮ ಮೈಲಾರಲಿಂಗನೂ ಮಣಿ-ಮಲ್ಲಾಸುರರನ್ನು ಸುಮ್ಮನೆ ಬಿಟ್ಟನೆ?" ಎಂದರು.

ಅಂದು ನಾನು ಉತ್ತರ ಕೊಡಲಿಲ್ಲ. ಅವರು ಹಿರಿಯರು, ಮೇಲಾಗಿ ಕಿಟಕಿಯ ಪಕ್ಕದ ಜಾಗವನ್ನು ನನಗೆ ಬಿಟ್ಟುಕೊಟ್ಟಿದ್ದರು. ಆದರೆ ಅದೇ ಮಾತನ್ನು ವಿದ್ಯಾವಂತರ ಬಾಯಲ್ಲಿ ಮೇಲಿಂದ ಮೇಲೆ ಕೇಳುತ್ತಿರುವುದರಿಂದ, ನುಂಗಿಕೊಂಡಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಆ ಬಸ್ಸು ಓಡುತ್ತಿದ್ದ ನೆಲದ ಕಥೆಯನ್ನೇ ಮೊದಲು ಕೇಳೋಣ. 1792ರಲ್ಲಿಯೂ, ಟಿಪ್ಪೂ ಸುಲ್ತಾನ ಮಡಿದ 1799ರಲ್ಲಿಯೂ ಮೈಸೂರು ರಾಜ್ಯದ ಭಾಗಗಳು ಹೈದರಾಬಾದಿನ ನಿಜಾಮನ ಪಾಲಿಗೆ ಬಂದವು. 1800ರಲ್ಲಿ ಅವನು ಅವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ. ಯುದ್ಧದಲ್ಲಿ ಸೋತಲ್ಲ, ತನ್ನನ್ನು ಕಾಯಲೆಂದು ಇರಿಸಿಕೊಂಡ ಕಂಪನಿಯ ಸೈನ್ಯದ ಖರ್ಚಿಗೆ. ಹಡಗಲಿ, ಹರಪನಹಳ್ಳಿಗಳನ್ನೊಳಗೊಂಡ ಬಳ್ಳಾರಿ ಸೀಮೆ ಹೀಗೆ ಕೈ ಬದಲಾಯಿಸಿತು. ಮೈಲಾರದ ರೈತನನ್ನು ಯಾರೂ ಕೇಳಲಿಲ್ಲ. ಅವನ ಜೋಳದ ಹೊಲದ ಕಂದಾಯ ಕಾವಲುಗಾರನ ಸಂಬಳವಾಯಿತು.

ನಾನು ಹೇಳಿದರೆ ಪಕ್ಷಪಾತವೆಂದಾರು. 1800ರಿಂದ 1807ರವರೆಗೆ ಈ ಸೀಮೆಯ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ 1817ರಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸನಿಗೆ ಪತ್ರ ಬರೆದು ಈ ಸಹಾಯಕ ಸೈನ್ಯ ಪದ್ಧತಿಯನ್ನೇ ಟೀಕಿಸಿದ. ಕೆಟ್ಟ ದೊರೆಯನ್ನು ಹಿಂದೆ ಜನ ದಂಗೆಯೆದ್ದಾದರೂ ಇಳಿಸಬಹುದಾಗಿತ್ತು, ಪರರ ಬಂದೂಕು ಬೆನ್ನಿಗೆ ನಿಂತ ಮೇಲೆ ಅವನಿಗೆ ಯಾರ ಭಯವೂ ಇಲ್ಲ, ಹಳ್ಳಿಗಳು ಹಾಳಾಗುತ್ತವೆ. ಇದು ಅವನ ವಾದದ ತಿರುಳು. ಕಾವಲುಗಾರನ ಮನೆಯವನೇ ಕೊಟ್ಟ ಸಾಕ್ಷಿಯಿದು.

ಅದು ಹಳೆಯ ಕಾಲ, ಈಗಿನವರು ಹಾಗಲ್ಲ ಎನ್ನುವವರುಂಟು. ಸಮಾಜವಾದವನ್ನು ಕಾಯುತ್ತೇವೆಂದು ಸೋವಿಯತ್ ಟ್ಯಾಂಕುಗಳು 1956ರಲ್ಲಿ ಹಂಗೆರಿಗೂ 1968ರಲ್ಲಿ ಚೆಕೊಸ್ಲೊವಾಕಿಯಕ್ಕೂ ನುಗ್ಗಿದವು. ಸಮೂಹನಾಶಕ ಅಸ್ತ್ರಗಳಿವೆಯೆಂದು ಅಮೆರಿಕ 2003ರಲ್ಲಿ ಇರಾಕಿಗೆ ನುಗ್ಗಿತು; ಅಸ್ತ್ರಗಳು ಸಿಗಲಿಲ್ಲ. 1986ರಲ್ಲಿ ನಿಕರಾಗುವದ ಮೊಕದ್ದಮೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ವಿರುದ್ಧ ತೀರ್ಪು ಕೊಟ್ಟಾಗ ಅಮೆರಿಕ ಅದನ್ನು ಒಪ್ಪಲೇ ಇಲ್ಲ. ನಮ್ಮ ಠಾಣೆಯ ಪೇದೆ ತಪ್ಪು ಮಾಡಿದರೆ ಅವನ ಮೇಲೊಬ್ಬ ಇನ್‌ಸ್ಪೆಕ್ಟರು, ಎಲ್ಲರ ಮೇಲೆ ಕೋರ್ಟು. ಕೋರ್ಟೇ ತನಗೆ ಬೇಡವೆನ್ನುವ ಪೋಲೀಸನಿಗೆ ನಮ್ಮ ಸೀಮೆಯಲ್ಲಿ ಬೇರೊಂದು ಹೆಸರಿದೆ: ಪಾಳೆಯಗಾರ.

ಉಪಾಧ್ಯಾಯರ ಬತ್ತಳಿಕೆಯಲ್ಲಿ ಒಂದು ಗಟ್ಟಿ ಬಾಣವಿದೆಯೆಂಬುದನ್ನು ನಾನು ಬಲ್ಲೆ. ತುಂಗಭದ್ರೆಯಾಚೆಯ ಕೊಪ್ಪಳ 1948ರಲ್ಲಿ ನಿಜಾಮನದು. ರಜಾಕಾರರನ್ನು ಎದುರಿಸಿದವರು ಮುಂಡರಗಿಯಲ್ಲಿ ಶಿಬಿರ ಹೂಡಿದ್ದರು. ಆ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಐದು ದಿನಗಳಲ್ಲಿ ಕೆಲಸ ಮುಗಿಸಿತು. ಪೋಲೀಸ್ ಕಾರ್ಯಾಚರಣೆಯೆಂದೇ ಅದರ ಹೆಸರು. ಅದು ಬೇಕಾಗಿತ್ತೆಂದು ನಂಬುವವನೇ ನಾನು. ಆದರೆ ಅದರ ಬೆನ್ನಿಗೇ ಸಂಸ್ಥಾನದಲ್ಲಿ ಅನೇಕ ನಿರಪರಾಧಿ ಮುಸ್ಲಿಮರ ಕೊಲೆಗಳಾದವು. ಸರ್ಕಾರವೇ ಕಳುಹಿಸಿದ್ದ ಪಂಡಿತ ಸುಂದರಲಾಲರ ಸಮಿತಿಯ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ನಮ್ಮವರೇ ನಮ್ಮ ಒಳಿತಿಗಾಗಿ ಮಾಡಿದ ಕೆಲಸಕ್ಕೆ ಲೆಕ್ಕ ಕೇಳುವುದು ಇಷ್ಟು ಕಷ್ಟವಾದರೆ, ಕಡಲಾಚೆಯ ರಾಷ್ಟ್ರಕ್ಕೆ ಲೆಕ್ಕ ಕೇಳುವವರಾರು? ಕೊಪ್ಪಳದವನಿಗೆ 1952ರ ಚುನಾವಣೆಯಲ್ಲಿ ಓಟು ಬಂತು. ಬಾಗ್ದಾದಿನವನಿಗೆ ವಾಷಿಂಗ್ಟನ್ನಿನಲ್ಲಿ ಓಟಿಲ್ಲ.

ಹಾಗಾದರೆ ಪುಂಡರನ್ನು ಅವರ ಪಾಡಿಗೆ ಬಿಡೋಣವೇ? ಖಂಡಿತ ಬೇಡ. 1994ರಲ್ಲಿ ರುವಾಂಡಾದಲ್ಲಿ ಕಗ್ಗೊಲೆ ನಡೆಯುತ್ತಿದ್ದಾಗ ಲೋಕ ಕೈಕಟ್ಟಿ ನಿಂತದ್ದು ಮಹಾಪಾಪ. ಆದರೆ ಅಂದು ಬಲಿಷ್ಠರ ಕೈಯಲ್ಲಿ ಬೆತ್ತವಿರಲಿಲ್ಲವೇ? ಬೆತ್ತವಿತ್ತು, ಮನಸ್ಸಿರಲಿಲ್ಲ. ತಾನೇ ತಾನಾಗಿ ಕಾವಲಿಗೆ ನಿಂತವನು ತನ್ನ ಕಣಜಕ್ಕೆ ಕೈಬಿದ್ದಾಗ ಮಾತ್ರ ಎಚ್ಚರಗೊಳ್ಳುತ್ತಾನೆ. ನಮಗೆ ಬೇಕಾದದ್ದು ಎಲ್ಲರೂ ಸೇರಿ ನೇಮಿಸಿದ, ಎಲ್ಲರಿಗೂ ಲೆಕ್ಕ ಒಪ್ಪಿಸುವ ಕಾವಲು. ಅದಕ್ಕೆಂದೇ 1945ರಲ್ಲಿ ವಿಶ್ವಸಂಸ್ಥೆಯನ್ನು ಕಟ್ಟಿ, ಐದು ರಾಷ್ಟ್ರಗಳ ಕೈಗೆ ವೀಟೋ ಕೊಟ್ಟು ಅದರ ಕಾಲು ಕಟ್ಟಿದರು. ಆ ಕಟ್ಟನ್ನು ಬಿಚ್ಚುವುದು ನಿಧಾನದ ಕೆಲಸ, ಬೇಸರದ ಕೆಲಸ. ಆದರೂ ಹಟ ಹಿಡಿಯಬೇಕಾದದ್ದು ಅಲ್ಲಿ. ಇನ್ನೊಬ್ಬ ಕಂಪನಿ ಬಹಾದ್ದೂರನನ್ನು ಹುಡುಕುವುದರಲ್ಲಲ್ಲ.

ಮೈಲಾರಲಿಂಗ ದೇವರು, ಅವನ ಕೆಲಸವನ್ನು ಮನುಷ್ಯರ ಸರ್ಕಾರಗಳಿಗೆ ಗುತ್ತಿಗೆ ಕೊಡಲು ಬಾರದು. ಇನ್ನು "ಸದ್ದಲೇ" ಎಂದ ಗೊರವಯ್ಯನೋ, ಒಂದೇ ನುಡಿ ನುಡಿದು ಬಿಲ್ಲಿನಿಂದ ಕೆಳಗೆ ಬೀಳುತ್ತಾನೆ. ಆ ನುಡಿಗೆ ಅರ್ಥ ಹೇಳುವವರು ಕೆಳಗೆ ನಿಂತು ಕೇಳಿದ ಜನ. ಅವನು ಮೇಲೆಯೇ ಕುಳಿತು ಬೆತ್ತ ಬೀಸುತ್ತಿದ್ದರೆ ಮರುವರ್ಷ ಜಾತ್ರೆಗೆ ಯಾರು ಹೋಗುತ್ತಿದ್ದರು?

ಮುಂದಿನ ಸಲ ಉಪಾಧ್ಯಾಯರು ಬಸ್ಸಿನಲ್ಲಿ ಸಿಕ್ಕರೆ ಇಷ್ಟನ್ನೂ ಹೇಳುವವನಿದ್ದೇನೆ. ಕಿಟಕಿಯ ಪಕ್ಕದ ಜಾಗ ಮಾತ್ರ ಆಗ ಅವರದು.