ಮನೆಯ ಮಾತು: ಮೇಜಿನ ಮೇಲೆ ಮೊದಲು ಏನಿತ್ತು?

2020ನೆಯ ಇಸವಿಯ ಯುಗಾದಿಯನ್ನು ನಮ್ಮ ವಾಚಕರು ಮರೆತಿರಲಾರರು. ಮಹಾಮಾರಿಯ ಭಯದಿಂದ ಆ ದಿನವೇ, ಮಾರ್ಚ 25ಕ್ಕೆ, ದೇಶದ ಬಾಗಿಲುಗಳೆಲ್ಲ ಮುಚ್ಚಿದವು. ಬೇವು-ಬೆಲ್ಲವನ್ನು ನೆರೆಮನೆಗೆ ಒಯ್ದುಕೊಡುವದು ಸಹ ಸಾಧ್ಯವಾಗಲಿಲ್ಲ. ಮೂರು ದಿವಸಗಳ ತರುವಾಯ ದೂರದರ್ಶನದವರು ರಮಾನಂದ ಸಾಗರರ ‘ರಾಮಾಯಣ’ವನ್ನು ಮೊದಲಿನಿಂದ ಮರಳಿ ತೋರಿಸತೊಡಗಿದರು. 1987ರ ಜನವರಿಯಿಂದ 1988ರ ಜುಲೈವರೆಗೆ ರವಿವಾರ ಮುಂಜಾನೆ ಊರ ಓಣಿಗಳನ್ನೆಲ್ಲ ಬರಿದು ಮಾಡಿದ್ದ ಮಾಲಿಕೆಯು ಹೀಗೆ ಮತ್ತೊಮ್ಮೆ ಮನೆಗೆ ಬಂದಿತು.

ನವಲಗುಂದ ಸೀಮೆಯ ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಅಂದು ನಾಲ್ಕು ತಲೆಮಾರಿನವರು ಕೂಡಿದ್ದೆವು. ಎಂಟು ವರುಷದ ಮೊಮ್ಮಗಳಿಗೆ ಆ ಆಟವು ಅಷ್ಟಾಗಿ ರುಚಿಸಲಿಲ್ಲ. ಬಾಣವು ಬಿಲ್ಲನ್ನು ಬಿಟ್ಟು ಗುರಿಯನ್ನು ಮುಟ್ಟುವದಕ್ಕೆ ಇಷ್ಟು ಹೊತ್ತು ಯಾಕೆ ಬೇಕೆಂಬುದು ಅವಳ ಆಕ್ಷೇಪಣೆ. ನಿಜವನ್ನು ಹೇಳುವದಾದರೆ ನಮಗೂ ಹಾಗೆಯೇ ಅನಿಸಿತು. ಆದರೆ ನಮ್ಮ ತಾಯಿಯವರು ಮೂವತ್ತಮೂರು ವರುಷಗಳ ಹಿಂದಿನ ಸಂಗತಿಯನ್ನು ಹೇಳಲಾರಂಭಿಸಿದೊಡನೆ ಹುಡುಗಿಯು ಕಿವಿಗೊಟ್ಟು ಕುಳಿತಳು. ಓಣಿಗೆಲ್ಲ ಒಂದೇ ಟಿ.ವಿ. ಇದ್ದದ್ದು, ನೆರೆಯವರು ಚಪ್ಪಲಿಗಳನ್ನು ಹೊರಗೆ ಬಿಟ್ಟು ಗುಡಿಗೆ ಬಂದಂತೆ ಬಂದು ಕೂಡ್ರುತ್ತಿದ್ದದ್ದು, ಪೆಟ್ಟಿಗೆಗೆ ಹೂವೇರಿಸಿ ಊದಿನಕಡ್ಡಿ ಹಚ್ಚುತ್ತಿದ್ದದ್ದು, ನಡುವೆ ಕರೆಂಟು ಹೋದರೆ ಎಲ್ಲರೂ ಒಮ್ಮೆಲೆ ನಿಟ್ಟುಸಿರು ಬಿಡುತ್ತಿದ್ದದ್ದು, ಇವೆಲ್ಲ ಅವಳಿಗೆ ಪರದೆಯ ಮೇಲಿನ ಯುದ್ಧಕ್ಕಿಂತಲೂ ಸ್ವಾರಸ್ಯವಾಗಿ ಕಂಡವು. ಕಡೆಗೆ ಅವಳು ನಮ್ಮನ್ನು ಕೇಳಿದಳು: “ಅಜ್ಜಾ, ಟಿ.ವಿ. ಬರೂಕಿಂತ ಮೊದಲ ಈ ಮೇಜಿನ ಮ್ಯಾಲೆ ಏನಿತ್ತು?”

ಉತ್ತರವನ್ನು ಹೇಳಲು ನಮಗೆ ನಾಚಿಕೆಯಾಯಿತು. ಆ ಮೇಜಿನ ಮೇಲೆ ನಮ್ಮ ಅಜ್ಜನವರ ಗ್ರಾಮಫೋನು ಇತ್ತು. ಅದರ ಕೆಳಗೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಮೂವತ್ತು-ನಾಲ್ವತ್ತು ಹಾಡಿನ ತಟ್ಟೆಗಳಿದ್ದವು. ಟಿ.ವಿ.ಗೆ ಸ್ಥಳ ಬೇಕಾಯಿತೆಂದು 1987ರಲ್ಲಿ ಅವೆಲ್ಲವನ್ನೂ ಗುಜರಿಯವನಿಗೆ ತೂಗಿ ಕೊಟ್ಟವರು ನಾವೇ. “ಬ್ಯಾಡೋ ತಮ್ಮಾ, ಇರಲಿ” ಎಂದು ತಾಯಿಯವರು ಒಂದೇ ಸಲ ಅಂದಿದ್ದರು. ನಾವು ಕೇಳಲಿಲ್ಲ. ಗ್ರಾಮಫೋನಿನ ಮುಳ್ಳುಗಳ ಚಿಕ್ಕ ಡಬ್ಬಿಯೊಂದು ಮಾತ್ರ ಉಳಿಯಿತು. ಅದರಲ್ಲಿ ಅವರು ಇಂದಿಗೂ ಹೊಲಿಗೆಯ ಸೂಜಿಗಳನ್ನು ಇಡುತ್ತಾರೆ.

ಆ ತಟ್ಟೆಗಳೆಂದರೆ ಏನೆಂಬುದನ್ನು ಇಂದಿನ ಮಕ್ಕಳಿಗೆ ತಿಳಿಯಹೇಳಬೇಕಾಗುತ್ತದೆ. ಅರಗನ್ನು ಬೆರಸಿ ಒತ್ತಿದ ಕರಿಯ ಬಿಲ್ಲೆ ಅದು. ಕೀಲಿ ಕೊಟ್ಟ ಯಂತ್ರದ ಮೇಲೆ ನಿಮಿಷಕ್ಕೆ 78 ಸುತ್ತು ತಿರುಗುವದು. ಒಂದು ಮಗ್ಗಲಿಗೆ ಸುಮಾರು ಮೂರು ನಿಮಿಷದ ಹಾಡು. ರಾತ್ರಿಯಿಡೀ ಹಾಡಬಲ್ಲ ಗವಾಯಿಯು ತನ್ನ ರಾಗವನ್ನು ಅಷ್ಟರಲ್ಲಿಯೇ ಅಡಕಗೊಳಿಸಬೇಕಾಗುತ್ತಿತ್ತು. ಇದನ್ನು ಬರಿಯ ಆಟಿಕೆಯೆಂದು ತಿಳಿಯುವವರಿಗೆ ನಮ್ಮ ಸೀಮೆಯ ಒಂದು ಸಂಗತಿಯನ್ನು ನೆನಪು ಮಾಡಿಕೊಡುವೆವು. ಗದಗಿನ ಹುಡುಗನೊಬ್ಬನು ಉಸ್ತಾದ ಅಬ್ದುಲ ಕರೀಮಖಾನರ ತಟ್ಟೆಯೊಂದನ್ನು ಕೇಳಿ, ತಾನೂ ಹಾಗೆ ಹಾಡಬೇಕೆಂದು 1933ರಲ್ಲಿ ಮನೆಯನ್ನು ಬಿಟ್ಟು ಹೊರಟನು. ಗುರುವನ್ನು ಅರಸುತ್ತ ಉತ್ತರ ಹಿಂದುಸ್ತಾನವನ್ನು ಅಲೆದನು. ಕಡೆಗೆ 1936ರಲ್ಲಿ ಅವನಿಗೆ ಗುರುವು ದೊರೆತದ್ದು ಮನೆಯಿಂದ ಬಹು ದೂರವಲ್ಲದ ಕುಂದಗೋಳದಲ್ಲಿ. ಅದೇ ಖಾನಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರಲ್ಲಿ. ಆ ಹುಡುಗನೇ ಮುಂದೆ ಭಾರತರತ್ನರಾದ ಭೀಮಸೇನ ಜೋಶಿಯವರು.

ಅದೇ ಗುರುಗಳಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬಂದುಹೋಗುತ್ತಿದ್ದರು. ಅವರ ಗಂಡುದನಿಯಂತಹ ಗಂಭೀರ ಕಂಠವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆದರೆ 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಟ ಅವರ ಮೊದಮೊದಲಿನ ತಟ್ಟೆಗಳಲ್ಲಿ ಕೇಳಿಬರುವದು ಬೇರೆಯೇ ದನಿ. ತೆಳುವಾದ, ಎತ್ತರದ, ಹುಡುಗಿಯ ದನಿ. ಮುಂದೆ ಗಂಟಲಿಗೆ ಶಸ್ತ್ರಕ್ರಿಯೆಯಾದ ಮೇಲೆ ಕಂಠವು ಬದಲಾಯಿತು. ಆ ಮೊದಲಿನ ದನಿಯನ್ನು ಕೇಳಬೇಕಾದರೆ ಆ ತಟ್ಟೆಗಳೇ ನಮಗೆ ಗತಿ. ನಮ್ಮ ಪೆಟ್ಟಿಗೆಯಲ್ಲಿ ಅವು ಎರಡು ಇದ್ದವೆಂದು ತಾಯಿಯವರು ಹೇಳುತ್ತಾರೆ.

ಇನ್ನು ಚಲಚ್ಚಿತ್ರದ ಮಾತು. ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ರ ಮಾರ್ಚ 3ಕ್ಕೆ ಬೆಂಗಳೂರಿನಲ್ಲಿ ತೆರೆಕಂಡಿತು. ಅದನ್ನು ತೆಗೆದದ್ದು ಕೊಲ್ಲಾಪುರದಲ್ಲಿ, ನಿರ್ದೇಶಕರು ವೈ. ವಿ. ರಾಯರು, ಇಂದ್ರಜಿತನಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು. ಇಂದು ಅದರ ಒಂದು ಪ್ರತಿಯೂ ದೊರೆಯುವದಿಲ್ಲ. ಆ ಕಾಲದ ಚಿತ್ರದ ಸುರುಳಿಗಳು ಬೇಗನೆ ಕೆಡುವಂಥವು, ಕಿಡಿ ತಾಗಿದರೆ ಭುಗಿಲೆನ್ನುವಂಥವು. ಅವುಗಳನ್ನು ಕಾಯ್ದಿಡುವ ರಾಷ್ಟ್ರೀಯ ಸಂಗ್ರಹಾಲಯವು ಪುಣೆಯಲ್ಲಿ ಹುಟ್ಟಿದ್ದು 1964ರಲ್ಲಿ, ಅಂದರೆ ಮೂವತ್ತು ವರುಷಗಳ ಮೇಲೆ. ಗಾಂಧಾರಿಯ ತಟ್ಟೆ ಉಳಿಯಿತು, ಸುಲೋಚನೆಯ ಸುರುಳಿ ಉಳಿಯಲಿಲ್ಲ. ಇದಕ್ಕೆ ನಮಗೆ ತೋರುವ ಕಾರಣವು ಇದು: ಸುರುಳಿಯು ಊರೂರು ತಿರುಗಿ ತನ್ನ ಒಡೆಯನಲ್ಲಿಗೆ ಮರಳಿತು, ತಟ್ಟೆಯು ಗೃಹಸ್ಥರ ಮನೆಯನ್ನು ಸೇರಿತು. ನೂರು ಮನೆಗಳಲ್ಲಿ ತೊಂಬತ್ತು ನಮ್ಮಂತೆ ಗುಜರಿಗೆ ಹಾಕಿದರೂ ಹತ್ತು ಮನೆಯವರು ಅಟ್ಟದ ಮೇಲೆ ಇಟ್ಟರು.

ಹಳೆಯದೆಲ್ಲ ಹೊನ್ನೆಂದು ಸಾಧಿಸುವದು ನಮ್ಮ ಉದ್ದೇಶವಲ್ಲ. ಆ ಕಾಲದಲ್ಲಿಯೂ ಹೊಟ್ಟು ಬೇಕಾದಷ್ಟಿತ್ತು. ಆದರೆ ತೂರಿ ನೋಡುವ ಮೊದಲೇ ಕಣದೊಳಗಿನ ರಾಶಿಗೆ ಬೆಂಕಿಯಿಡುವ ಒಕ್ಕಲಿಗನುಂಟೇ? ಹಳೆಯ ಆಟವನ್ನು ಮಕ್ಕಳೊಡನೆ ಕುಳಿತು ನೋಡಿರಿ, ಮತ್ತು ಮನೆಯ ಹಿರಿಯರನ್ನು ಜೊತೆಗೆ ಕೂಡ್ರಿಸಿಕೊಳ್ಳಿರಿ. ಪರದೆಯ ಕಥೆಯು ಸಪ್ಪೆಯಾದರೂ ಅವರ ಕಥೆಯು ಸಪ್ಪೆಯಾಗದು. 1966ರ ‘ಸಂಧ್ಯಾರಾಗ’ದಿಂದ ಆರಂಭಿಸಬಹುದು. ಅ. ನ. ಕೃಷ್ಣರಾಯರ ಕಾದಂಬರಿಯ ಆ ಚಿತ್ರದಲ್ಲಿ ರಾಜಕುಮಾರರ ಅಭಿನಯದೊಡನೆ ಭೀಮಸೇನ ಜೋಶಿಯವರ ಗಾಯನವೂ ಉಂಟು. ಕುಂದಗೋಳದಲ್ಲಿ ಪಳಗಿದ ಕಂಠವದು ಎಂದು ಮಕ್ಕಳಿಗೆ ತಿಳಿಸುವದಕ್ಕೆ ಮರೆಯಬೇಡಿರಿ.

ಮನೆಯಲ್ಲಿ ಹಳೆಯ ತಟ್ಟೆಗಳಿದ್ದರೆ ಒಂದರ ಮೇಲೊಂದು ಒಟ್ಟದೆ ನೆಟ್ಟಗೆ ನಿಲ್ಲಿಸಿಡತಕ್ಕದ್ದು. ಬಿಸಿಲು ಮತ್ತು ಒಲೆಯ ಕಾವು ತಾಕಬಾರದು, ತಾಕಿದರೆ ಡೊಂಕಾಗುವವು. ಮೆತ್ತನೆಯ ಒಣ ಅರಿವೆಯಿಂದ ಧೂಳನ್ನು ಒರಸಬೇಕು. ಸ್ಪಿರಿಟು ಹಚ್ಚಿದರೆ ಅರಗು ಕರಗಿ ಹಾಡು ಹಾಳಾಗುವದು. ಮದುವೆ-ಮುಂಜಿವೆಗಳ ವಿಡಿಯೋ ಕ್ಯಾಸೆಟುಗಳದು ಇನ್ನೂ ಅವಸರದ ಮಾತು. ತಂಪಿನಿಂದ ಅವುಗಳಿಗೆ ಬೂಷ್ಟು ಹಿಡಿಯುವದು. ಅವುಗಳನ್ನು ನಡೆಸುವ ಯಂತ್ರಗಳನ್ನು ಮಾಡುವದನ್ನಂತೂ ಜಪಾನದ ಕಡೆಯ ಕಂಪನಿಯು 2016ರಲ್ಲಿಯೇ ನಿಲ್ಲಿಸಿತು. ಬಲ್ಲವರಿಂದ ಅವನ್ನು ಬೇಗನೆ ಕಂಪ್ಯೂಟರಿಗೆ ಇಳಿಸಿಕೊಳ್ಳಿರಿ. ಅದರಲ್ಲಿ ಕಾಣುವವರು ಯಾರು ಯಾರೆಂಬುದನ್ನು ಹಿರಿಯರಿಂದ ಕೇಳಿ ಬರೆದಿಡಿರಿ.

ಅಂದಿನ ಸಂಜೆಯ ಮಾತನ್ನು ಹೇಳಿ ಮುಗಿಸುವೆವು. ಮೊಮ್ಮಗಳು ಮೊಬೈಲಿನಲ್ಲಿ ಖಾನಸಾಹೇಬರ ಹೆಸರನ್ನು ಹುಡುಕಿದಳು. ಯಾವನೋ ಗೃಹಸ್ಥನು ಮಾರದೆ ಇಟ್ಟುಕೊಂಡ ತಟ್ಟೆಯ ಹಾಡು ಕರಕರ ಸಪ್ಪಳದೊಡನೆ ಹೊರಟಿತು. ತಾಯಿಯವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹಾಡು ಅರ್ಧಕ್ಕೆ ಬಂದಾಗ ಬೆರಳೆತ್ತಿ, “ಇಲ್ಲೆ ನೋಡವಾ, ನಮ್ಮ ತಟ್ಟಿಗೆ ಇಲ್ಲೊಂದು ಗೀರು ಇತ್ತು” ಎಂದರು. ಮೊಬೈಲಿನೊಳಗಿನ ಹಾಡು ಆ ಸ್ಥಳವನ್ನು ಎಡವದೆ ದಾಟಿ ಮುಂದಕ್ಕೆ ಹೋಯಿತು.