ಗಿಟಾರೂ ಏಕತಾರಿಯೂ

ತಂಡ ಕಟ್ಟಿಕೊಂಡು ರಾಕ್ ಸಂಗೀತದ ಅಬ್ಬರದಲ್ಲಿ ಮೆರೆದ ಗಾಯಕನು ಮುಂದೆ ಒಬ್ಬನೇ ಗಿಟಾರು ಹಿಡಿದು, ತಾನೇ ಕಟ್ಟಿದ ಪದಗಳನ್ನು ಸಭೆಯಲ್ಲಿ ಹಾಡಿದರೆ, ಇದು ಪರದೇಶದ ಅನುಕರಣವೆಂದು ಮೂಗು ಮುರಿಯುವ ವಿದ್ಯಾವಂತರು ಯಾದಗಿರಿ, ಶಹಾಪುರ, ಸುರಪುರಗಳಲ್ಲಿಯೂ ಉಂಟು. ಈ ಆಕ್ಷೇಪವು ವಿಚಾರದ ಮುಂದೆ ನಿಲ್ಲತಕ್ಕದ್ದಲ್ಲ.

ರಘು ದೀಕ್ಷಿತರ ಉದಾಹರಣೆಯನ್ನೇ ನೋಡಬಹುದು. ಮೈಸೂರಿನಲ್ಲಿ ಬೆಳೆದು, ಭರತನಾಟ್ಯವನ್ನು ಅಭ್ಯಸಿಸಿ, ಸೂಕ್ಷ್ಮಜೀವಶಾಸ್ತ್ರವನ್ನು ಓದಿದ ಇವರು ‘ಅಂತರಗ್ನಿ’ ಎಂಬ ತಂಡದ ಮುಂದಾಳಾಗಿದ್ದರು. ಆ ತಂಡವು ಚದುರಿದ ಬಳಿಕ ಎದೆಗುಂದದೆ, ಬಂದುಹೋಗುವ ವಾದ್ಯಗಾರರನ್ನು ಕೂಡಿಸಿಕೊಂಡು ತಮ್ಮ ಹೆಸರಿನಲ್ಲಿಯೇ ಹಾಡತೊಡಗಿದರು. 2008ರಲ್ಲಿ ಮೊದಲನೆಯ ಗೀತಸಂಪುಟ ಹೊರಬಂದಿತು. ಸ್ವಂತ ರಚನೆಗಳೊಡನೆ ಶಿಶುನಾಳ ಶರೀಫರ (1819–1889) ಪದಗಳೂ ಅವರ ಕೊರಳಿನಿಂದ ಪರದೇಶದ ಸಭೆಗಳನ್ನು ಮುಟ್ಟಿದುವು.

ಇದರಿಂದ ಶರೀಫರ ಪದ ಕೆಟ್ಟಿತೆಂದು ಮರುಗುವವರಿಗೆ ಒಂದು ಪ್ರಶ್ನೆ. ಪರದೇಶದಲ್ಲಿ ಹುಟ್ಟಿದುದೇ ಗಿಟಾರಿನ ದೋಷವಾದರೆ, ಕಚೇರಿಯ ಪಿಟೀಲು ಎಲ್ಲಿಯದು? ಭಜನೆಯ ಹಾರ್ಮೋನಿಯಂ ಎಲ್ಲಿಯದು? ಅವನ್ನು ಮಡಿಲಿಗೆ ಕಟ್ಟಿಕೊಂಡವರು ಇದೊಂದಕ್ಕೆ ಬಾಗಿಲು ಹಾಕುವುದು ಯಾವ ನ್ಯಾಯ? ಹತ್ತು ವಾದ್ಯಗಳ ಗದ್ದಲದಲ್ಲಿ ಸಪ್ಪೆಯ ಮಾತೂ ಸಾಗೀತು. ಒಂದೇ ವಾದ್ಯದ ಮುಂದೆ ಮಾತಿನ ಬಡತನ ಮರೆಯಾಗಲಾರದು. ಆದುದರಿಂದ ಒಬ್ಬನೇ ನಿಂತು ಹಾಡುವುದು ಕವಿತ್ವಕ್ಕೂ ಕೊರಳಿಗೂ ಕಠಿಣವಾದ ಪರೀಕ್ಷೆ.

ಈ ಪರೀಕ್ಷೆಯಾದರೂ ಈ ಸೀಮೆಗೆ ಹೊಸದೇ? ಕಡಕೋಳ ಮಡಿವಾಳಪ್ಪನವರೂ ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರೂ ತತ್ವಪದಗಳನ್ನು ಕಟ್ಟಿದುದು ಇದೇ ಸೀಮೆಯ ನುಡಿಯಲ್ಲಿ. ಏಕತಾರಿ, ದಮ್ಮಡಿ, ತಾಳ ಇಷ್ಟರಿಂದಲೇ ಆ ಪದಗಳು ಅಚ್ಚಿನ ನೆರವಿಲ್ಲದೆ ಬಾಯಿಂದ ಬಾಯಿಗೆ ಉಳಿದುಬಂದಿವೆ. ಕೃಷ್ಣೆಯ ದಡದ ತಿಂಥಣಿಯಲ್ಲಿ, ಹಿಂದೂಗಳೂ ಮುಸಲ್ಮಾನರೂ ಸಮನಾಗಿ ನಡೆದುಕೊಳ್ಳುವ ಮೌನೇಶ್ವರರ ಸನ್ನಿಧಿಯಲ್ಲಿ, ಒಂದು ತಂತಿ ಒಂದು ಕೊರಳಿನ ಬೆಲೆಯನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ದೋಷವಿರುವುದು ಬೇರೆಡೆ. ಪಟ್ಟಣದ ಗಾಯಕನಿಗೆ ಚೀಟಿ ಕೊಂಡು ಚಪ್ಪಾಳೆ ತಟ್ಟುವ ಮನೆಗಳೂ, ಅವನನ್ನು ಹಳಿಯುವ ಮನೆಗಳೂ, ಅದೇ ಪದವನ್ನು ಏಕತಾರಿಯ ಮೇಲೆ ಹಾಡುತ್ತ ಬಂದವನನ್ನು ಕಟ್ಟೆಯ ಮೇಲೆಯೇ ಕೂಡಿಸಿ, ಬೊಗಸೆ ಜೋಳ ಕೊಟ್ಟು ಸಾಗಹಾಕುವುವು. ಆತನ ಮಗನು ಪದವನ್ನು ಕಲಿಯದೆ ಕೂಲಿಗೆ ಹೋದರೆ, ಆ ನಷ್ಟವನ್ನು ಗಿಟಾರಿನ ತಲೆಗೆ ಕಟ್ಟುವುದು ಸುಲಭ, ಸತ್ಯವಲ್ಲ.

ಏಕತಾರಿಯವನನ್ನು ಪಡಸಾಲೆಗೆ ಕರೆದು, ತಕ್ಕ ಸಂಭಾವನೆಯಿತ್ತು, ಮಕ್ಕಳೊಡನೆ ಕುಳಿತು ಕೇಳಿದ ಮನೆಯವರು ಗಿಟಾರನ್ನು ಬೇಕಾದಷ್ಟು ಹಳಿಯಲಿ. ಮಿಕ್ಕವರಿಗೆ ಆ ಅಧಿಕಾರವಿಲ್ಲ.